ಡೈರೆಕ್ಟ್ ಮಾಡಬ್ಯಾಡ್ರಿ

ಬಸವಕಲ್ಯಾಣ, ಹುಮನಾಬಾದ್ ಮತ್ತು ಇವೆರಡರ ನಡುವಿನ ಹೆದ್ದಾರಿ ಬದಿಯ ಎಲ್ಲ ಮಿಸ್ತ್ರಿಗಳಿಗೆ, ಆಟೊ ಎಲೆಕ್ಟ್ರಿಷಿಯನ್ನರಿಗೆ, ಚಾವಿ ಮಾಡುವವರಿಗೆ,

ನಿಮ್ಮಲ್ಲಿ ಹತ್ತಿಪ್ಪತ್ತು ಮಂದಿಗಾದರೂ ನನ್ನ ಗುರುತು ಇದ್ದೀತು. ಪಿಯುಸಿ ಹುಡುಗರಿಗೆ 31 ವರ್ಷ ಫಿಸಿಕ್ಸ್ ಹೇಳಿ ನಿವೃತ್ತನಾದವನು ನಾನು. ಹಿಂದಿನ ಬೆಂಚಿನಲ್ಲಿ ಕೂತು, ಕಿಟಕಿಯಾಚೆ ಹೈದರಾಬಾದಿನ ಕಡೆ ಹೋಗುವ ಲಾರಿ ಎಣಿಸುತ್ತಿದ್ದವರೇ ಮುಂದೆ ಒಳ್ಳೇ ಮಿಸ್ತ್ರಿಗಳಾದರು ಎಂದು ಎಷ್ಟೋ ಮದುವೆ ಪಂಕ್ತಿಯಲ್ಲಿ ಹೇಳಿ ನಗಿಸಿದ್ದೇನೆ. ಈ ಸಲ ನಗಿಸುವ ಉಮೇದಿಲ್ಲ. ಒಂದು ರಾತ್ರಿ ನನಗಾದ ಪಜೀತಿ ಹೇಳಿ, ಅದರಿಂದ ಹುಟ್ಟಿದ ಒಂದು ಬೇಡಿಕೆ ನಿಮ್ಮ ಮುಂದಿಡುತ್ತೇನೆ.

ದತ್ತ ಜಯಂತಿಯ ರಾತ್ರಿ ಮಾಣಿಕನಗರಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ, ಪ್ರಸಾದ ತಗೊಂಡು ಹೊರಗೆ ಬರುವಾಗ ಹತ್ತೂವರೆ. ಡಿಸೆಂಬರಿನ ನಮ್ಮ ಬೀದರ ಸೀಮೆಯ ಥಂಡಿ ನಿಮಗೆ ಹೇಳಬೇಕೇ? ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಕಾರು, ಬಟನ್ ಒತ್ತಿ ಚಾಲೂ ಮಾಡುವಂಥದ್ದು. ಒತ್ತಿದೆ. ಡ್ಯಾಶ್‌ಬೋರ್ಡಿನ ಮೇಲೆ ಚಾವಿಯ ಚಿತ್ರ ಮೂಡಿ, ಚಾವಿ ಕಾಣುತ್ತಿಲ್ಲ ಎಂಬ ಬರಹ ಬಂತು. ಚಾವಿ ನನ್ನ ಅಂಗಿಯ ಕಿಸೆಯಲ್ಲೇ ಇದೆ! ಹತ್ತು ಸಲ ಒತ್ತಿದೆ. ಲೈಟು ಹತ್ತುತ್ತದೆ, ಹಾರ್ನ್ ಹೊಡೆಯುತ್ತದೆ, ಸೆಲ್ಫ್ ಮಾತ್ರ ಬರುವುದಿಲ್ಲ.

ಫೋನ್ ಮಾಡಿದ ಇಪ್ಪತ್ತು ನಿಮಿಷಕ್ಕೆ ಒಬ್ಬ ಹುಡುಗ ಬೈಕಿನ ಮೇಲೆ ಬಂದ. ಮಫ್ಲರ್ ಬಿಚ್ಚದೇ ಟಾರ್ಚ್ ಹಿಡಿದು ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿದ. “ಸರ್, ಸ್ವಿಚ್ ಹೋಗ್ಯಾದ್ರಿ. ಚಿಂತಿ ಮಾಡಬ್ಯಾಡ್ರಿ, ಡೈರೆಕ್ಟ್ ಮಾಡಿ ಕೊಡ್ತೀನಿ, ಮನಿ ಮುಟ್ರಿ” ಅಂದ. ಚಳಿಯಲ್ಲಿ ಶಾಲು ಹೊದ್ದು ಕೂತ ಹೆಂಡತಿಯನ್ನು ನೋಡಿ ನಾನೂ ಹೂಂ ಅಂದೆ. ಅವನು ಪ್ಯಾನೆಲ್ ಕಿತ್ತ, ವೈರಿನ ಸಿಪ್ಪೆ ಕೆರೆದ, ಎರಡು ಜೋಡಿಸಿದ. ಸೆಲ್ಫ್ ಗರ್ ಗರ್ ಎಂದು ತಿರುಗಿತು, ಇಂಜಿನ್ ಹಿಡಿಯಲಿಲ್ಲ. ಇನ್ನೆರಡು ಜೋಡಿಸಿದ. ಚಟ್ ಎಂದು ಕಿಡಿ ಹಾರಿತು, ಡ್ಯಾಶ್‌ಬೋರ್ಡ್ ಪೂರಾ ಕತ್ತಲಾಯಿತು. ಮರುದಿನ ಕಾರು ಇನ್ನೊಂದು ಗಾಡಿಯ ಬೆನ್ನ ಮೇಲೆ ಊರು ಬಿಟ್ಟಿತು. ವೈರಿಂಗ್ ಬದಲಿ, ಒಂದು ಕಂಟ್ರೋಲ್ ಡಬ್ಬಿ ಬದಲಿ. ಬಿಲ್ಲು ನನ್ನ ಒಂದು ತಿಂಗಳ ಪೆನ್ಶನ್ ನುಂಗಿತು. ಕೊನೆಗೆ ಅಲ್ಲಿನ ಮಿಸ್ತ್ರಿ ನನ್ನ ಚಾವಿಯ ಹೊಟ್ಟೆ ಬಿಚ್ಚಿ, ಒಳಗಿನ ಬಿಲ್ಲೆಯಂಥ ಸೆಲ್ಲನ್ನು ಮೀಟರಿಗೆ ಹಿಡಿದು ತೋರಿಸಿದ. 3 ವೋಲ್ಟ್ ಇರಬೇಕಾದದ್ದು ಎರಡೂವರೆಯೂ ಇರಲಿಲ್ಲ. ಮೊದಲೇ ಸೋತಿದ್ದ ಸೆಲ್ಲು ಆ ರಾತ್ರಿಯ ಥಂಡಿಗೆ ಪೂರ್ತಿ ಕೈಬಿಟ್ಟಿತ್ತು. ಹೊಸದರ ಬೆಲೆ, ಒಂದೆರಡು ಪ್ಲೇಟು ಮಿರ್ಚಿ ಭಜಿಯ ದುಡ್ಡು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಟ್ಟಿರುಳು ಚಳಿಯಲ್ಲಿ ಎದ್ದು ಬಂದವನು ಅವನು. ದುಡ್ಡು ಕೊಟ್ಟರೂ ಮುಟ್ಟಲಿಲ್ಲ. ಸಿಟ್ಟು ಬಂದದ್ದು ನನ್ನ ಮೇಲೆಯೇ. ಸೆಲ್ಲು ಪೂರ್ತಿ ಸತ್ತಿದ್ದರೂ ಆ ಕಾರು ಚಾಲೂ ಆಗುತ್ತಿತ್ತು. ಬ್ರೇಕ್ ತುಳಿದು, ಚಾವಿಯನ್ನೇ ಆ ಬಟನ್‌ಗೆ ತಾಗಿಸಿ ಹಿಡಿದಿದ್ದರೆ ಸಾಕಿತ್ತು. ಬಟನ್ನಿನ ಹಿಂದೆ ಒಂದು ಕಾಯಿಲ್ ಇದೆ, ಚಾವಿಯೊಳಗೆ ಇನ್ನೊಂದು. ಒಂದು ಕಾಯಿಲಿನಲ್ಲಿ ಕರೆಂಟು ಏರಿಳಿದರೆ ಪಕ್ಕದ ಕಾಯಿಲಿನಲ್ಲಿ ಕರೆಂಟು ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ್ದನ್ನು ನಾನು 31 ವರ್ಷ ಕಪ್ಪು ಹಲಗೆಯ ಮೇಲೆ ಬರೆದೆ, ಐದು ಮಾರ್ಕಿನ ಪ್ರಶ್ನೆ ಮಾಡಿ ಕೇಳಿದೆ. ಅದೇ ನಿಯಮ ಅಂಗಿಯ ಕಿಸೆಯಲ್ಲಿ ಕೂತು ನನ್ನನ್ನು ಕಾಯುತ್ತಿದ್ದರೆ ನನಗೆ ಗೊತ್ತೇ ಆಗಲಿಲ್ಲ.

ಅವತ್ತಿನಿಂದ ಈ ವಿಷಯದ ಬೆನ್ನು ಹತ್ತಿದ್ದೇನೆ. ತಿಳಿದದ್ದನ್ನು ನಿಮ್ಮ ಭಾಷೆಯಲ್ಲಿ ಬರೆಯುವ ಪ್ರಯತ್ನ ಇದು.

ಡೈರೆಕ್ಟ್ ಮಾಡುವ ವಿದ್ಯೆ ಸುಳ್ಳಲ್ಲ. ಒಂದು ಕಾಲಕ್ಕೆ ಅದು ಖರೇ ವಿದ್ಯೆಯೇ. ನಮ್ಮ ಅಜ್ಜಂದಿರ ಕಾಲದ ಗಾಡಿಗೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಹ್ಯಾಂಡಲ್ ತಿರುಗಿ ಬಡಿದು ಕೈ ಮುರಿದುಕೊಂಡವರೂ ಇದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮಾಡಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬಂತು. ನಾವು ಸೆಲ್ಫ್ ಅನ್ನುವುದು ಅದನ್ನೇ, ತಾನೇ ತಿರುಗಿಸಿಕೊಳ್ಳುವ ಯಂತ್ರ. ಚಾವಿ ತಿರುಗಿಸಿದರೆ ಸೆಲ್ಫ್ ಬರುವ ಪದ್ಧತಿ ಕ್ರೈಸ್ಲರ್ ಕಾರುಗಳಲ್ಲಿ ಬಂದದ್ದು 1949ರಲ್ಲಿ. ಅದಕ್ಕೂ ಮೊದಲು ಬಟನ್ನೇ ಇತ್ತು. ಹಳೇ ವಿಲ್ಲಿಸ್ ಜೀಪು ನೋಡಿದವರಿಗೆ ನೆನಪಿದ್ದೀತು, ನೆಲದ ಮೇಲೆ ಕಾಲಿಂದ ಒತ್ತುವ ಗುಬ್ಬಿ. ಹಂಗಾಗಿ ಇವತ್ತಿನ ಬಟನ್ ನೋಡಿ ಹೊಸ ಜಮಾನಾ ಅನ್ನುವವರನ್ನು ಕಂಡರೆ ನನಗೆ ನಗು. ಬಟನ್ ಹಳೆಯದೇ. ಜೀಪಿನ ಗುಬ್ಬಿ ಒತ್ತಿದವನು ಯಾರೆಂದು ಕೇಳುತ್ತಿರಲಿಲ್ಲ, ಇದು ಕೇಳುತ್ತದೆ.

ಚಾವಿಯ ಕಾರಿನಲ್ಲಿಯೂ ಕೆಲಸ ಇಷ್ಟೇ ಇತ್ತು: ಬ್ಯಾಟರಿಯಿಂದ ಬರುವ ಕರೆಂಟನ್ನು ಇಗ್ನಿಷನ್‌ಗೂ ಸೆಲ್ಫ್‌ಗೂ ಕೂಡಿಸುವುದು. ಚಾವಿ ಅಂದರೆ ಕರೆಂಟಿನ ಬಾಗಿಲು. ಬಾಗಿಲು ತೆರೆಯದಿದ್ದರೆ ಗೋಡೆ ಹಾರುವುದೇ ಡೈರೆಕ್ಟ್. ನೀವು ಹಾರಿದಂತೆ ಕಳ್ಳನೂ ಹಾರುತ್ತಿದ್ದ. ಎರಡು ವೈರು, ಒಂದು ನಿಮಿಷ, ಗಾಡಿ ಸೊಲ್ಲಾಪುರ ದಾಟುತ್ತಿತ್ತು.

ಯುರೋಪಿನಲ್ಲಿ ಕಾರುಗಳ್ಳತನ ವಿಪರೀತ ಆದಾಗ ವಿಮಾ ಕಂಪನಿಗಳು ಮೊದಲು ಗಟ್ಟಿಯಾಗಿ ಕೂತವು. ಯುರೋಪಿಯನ್ ಒಕ್ಕೂಟ 1995ರಲ್ಲಿ ನಿಯಮ ಮಾಡಿ, 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆಲ್ಲ ಇಮ್ಮೊಬಿಲೈಸರ್, ಅಂದರೆ ಗುರುತಿಲ್ಲದ ಚಾವಿಗೆ ಇಂಜಿನ್ ಹಿಡಿಯದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ ಮಾಡಿತು. ನೆದರ್ಲೆಂಡ್ಸ್ ದೇಶದ ಲೆಕ್ಕ ತೆಗೆದು ನೋಡಿದ ಇಬ್ಬರು ಅರ್ಥಶಾಸ್ತ್ರಜ್ಞರು, ಇದರಿಂದ 1995–2008ರ ಅವಧಿಯಲ್ಲಿ ಕಾರುಗಳ್ಳತನ ಸರಾಸರಿ ಶೇ 40ರಷ್ಟು ತಗ್ಗಿತು ಎಂದು ಬರೆದಿದ್ದಾರೆ. ನಮ್ಮಲ್ಲಿ ಇದರ ಪರಿಚಯ ಹೆಚ್ಚಿನವರಿಗೆ ಆದದ್ದು ಮಾರುತಿ ಕಾರುಗಳಿಂದ. ಅವರು ಅದಕ್ಕೆ ಐಕ್ಯಾಟ್ಸ್ ಎಂಬ ಹೆಸರಿಟ್ಟರು.

ಚಾವಿ ಮಾಡುವವರಿಗೆ ಈ ಭಾಗ ಅನುಭವದಿಂದಲೇ ಗೊತ್ತು. ಗಿರಾಕಿ ಡೂಪ್ಲಿಕೇಟ್ ಚಾವಿ ಕೇಳುತ್ತಾನೆ, ನೀವು ಹಲ್ಲು ಚೊಕ್ಕ ಕೊರೆದು ಕೊಡುತ್ತೀರಿ. ಬಾಗಿಲು ತೆರೆಯುತ್ತದೆ, ಸೆಲ್ಫ್ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ, ಹಿಡಿದರೂ ಎರಡು ಸೆಕೆಂಡಿಗೆ ಬಂದ್. ಗಿರಾಕಿ ನಿಮ್ಮನ್ನೇ ಬಯ್ಯುತ್ತಾನೆ. ಹಲ್ಲಿನಲ್ಲಿ ಏನೂ ತಪ್ಪಿಲ್ಲ. ಮೂಲ ಚಾವಿಯ ಪ್ಲಾಸ್ಟಿಕ್ ತಲೆಯಲ್ಲಿ ಹುಣಸೆ ಬೀಜದಷ್ಟು ಒಂದು ಕರಿ ಚೂರು ಇರುತ್ತದೆ. ಅದು ನಿಮ್ಮ ಹೊಸ ಚಾವಿಯಲ್ಲಿ ಇಲ್ಲ. ಆ ಚೂರಿಗೆ ಸೆಲ್ಲು ಬೇಡ. ಚಾವಿ ತೂರಿಸುವ ತೂತಿನ ಸುತ್ತ ಬಳೆಯಂತೆ ಸುತ್ತಿದ ತಾಮ್ರದ ಕಾಯಿಲ್ ಸೆಕೆಂಡಿಗೆ ಒಂದು ಲಕ್ಷ ಇಪ್ಪತ್ತೈದು ಸಾವಿರ ಸಲ ಏರಿಳಿಯುತ್ತದೆ. ಚೂರಿನೊಳಗಿನ ಕೂದಲೆಳೆ ಕಾಯಿಲ್ ಆ ಏರಿಳಿತದಿಂದಲೇ ಅನ್ನ ತಿಂದು, ಎಚ್ಚರಗೊಂಡು, ಉತ್ತರ ಕೊಟ್ಟು ಮತ್ತೆ ಮಲಗುತ್ತದೆ. ಉತ್ತರ ಸರಿ ಬರದಿದ್ದರೆ ಇಸಿಎಂ (ಇಂಜಿನ್ ಆಳುವ ಕಂಪ್ಯೂಟರ್ ಡಬ್ಬಿ) ಡೀಸೆಲ್ ಬಿಡುವುದಿಲ್ಲ, ಪೆಟ್ರೋಲ್ ಗಾಡಿಯಾದರೆ ಕಿಡಿಯನ್ನೂ ಕೊಡುವುದಿಲ್ಲ.

ಮೊದಮೊದಲ ಚೂರುಗಳು ಒಂದೇ ಉತ್ತರ ಹೇಳುತ್ತಿದ್ದವು, ಮಗುವಿಗೆ ಹೆಸರು ಕೇಳಿದರೆ ಹೆಸರು ಹೇಳಿದ ಹಾಗೆ. ಕದ್ದು ಕೇಳಿದವನು ಅದನ್ನೇ ಬರೆದುಕೊಂಡು ತಾನೂ ಹೇಳಬಹುದಿತ್ತು. ಅದಕ್ಕೇ ಪದ್ಧತಿ ಬದಲಾಯಿತು. ಈಗ ಕಾರು ಪ್ರತಿ ಸಲ ಹೊಸ ಪ್ರಶ್ನೆ ಕೇಳುತ್ತದೆ. ನೀವು ನಾನು 7 ಎಂಬ ಅಂಕಿಯನ್ನು ಗುಟ್ಟಾಗಿ ಇಟ್ಟುಕೊಂಡಿದ್ದೇವೆ ಅನ್ನಿ. ನಾನು 12 ಅಂದರೆ ನೀವು ಮನಸ್ಸಿನಲ್ಲೇ ಏಳರಿಂದ ಗುಣಿಸಿ, 84ರ ಕೊನೆಯ ಅಂಕಿ 4 ಎಂದಷ್ಟೇ ಹೇಳಬೇಕು. ನಾಳೆ ನಾನು 15 ಅನ್ನುತ್ತೇನೆ, ನೀವು 5 ಅನ್ನಬೇಕು. ಚಹಾದಂಗಡಿಯಲ್ಲಿ ಪಕ್ಕ ಕೂತು ನಿನ್ನೆಯ ಮಾತು ಕೇಳಿಸಿಕೊಂಡವನು ಬಂದು 4 ಎಂದರೆ ನಾನು ಬಾಗಿಲು ತೆರೆಯುವುದಿಲ್ಲ. ಇದು ಮಕ್ಕಳಾಟ; ಕಾರಿನದು ಬಹಳ ದೊಡ್ಡ ಲೆಕ್ಕ. ಗುಟ್ಟು ಮಾತ್ರ ಎಂದೂ ಗಾಳಿಗೆ ಬೀಳುವುದಿಲ್ಲ, ಪ್ರಶ್ನೆ ಮತ್ತು ಉತ್ತರ ಅಷ್ಟೇ ಓಡಾಡುತ್ತವೆ.

ಕಲ್ಯಾಣದವರಿಗೆ ಇದು ಹೊಸ ಮಾತೇ? ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಸುಮ್ಮನೆ ಒಳಗೆ ಕರೆಯುವುದಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ. ಬಾಯಿಪಾಠ ಮಾಡಿಕೊಂಡು ಬಂದವರಿಗೆ ಅಲ್ಲಿ ಜಾಗವಿಲ್ಲ, ಕೇಳಿದ್ದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಹೋಲಿಕೆ ದೊಡ್ಡದಾಯಿತು, ಹಿರಿಯರು ಕ್ಷಮಿಸಲಿ. ಆದರೆ ಈ ಸೀಮೆಯಲ್ಲಿ ನಿಂತು ಇಮ್ಮೊಬಿಲೈಸರ್ ವಿವರಿಸಲು ನನಗೆ ಬೇರೆ ಹೋಲಿಕೆ ಹೊಳೆಯಲೇ ಇಲ್ಲ.

ಇನ್ನು ಬಟನ್ ಕಾರು. ನಮ್ಮ ದೇಶದ ಸಣ್ಣ ಕಾರುಗಳಲ್ಲಿ ನಿಸ್ಸಾನ್ ಮೈಕ್ರಾ 2010ರಲ್ಲಿ ಈ ಬಟನ್ ತಂದಾಗ ಅದು ಶ್ರೀಮಂತರ ಷೋಕಿ ಅನ್ನಿಸಿತ್ತು. ಈಗ ನಮ್ಮ ಓಣಿಯಲ್ಲೇ ಹತ್ತು ನಿಂತಿವೆ. ಇದರಲ್ಲಿ ಚಾವಿ ಕಿಸೆಯಲ್ಲೇ ಇರುವುದರಿಂದ ಮಾತು ದೂರದಿಂದ ಆಗಬೇಕು. ನೀವು ಹ್ಯಾಂಡಲ್ ಮುಟ್ಟಿದಾಗ ಬಾಗಿಲಿನಲ್ಲಿರುವ ಆಂಟೆನಾ ಅದೇ ಸಣ್ಣ ಸ್ವರದಲ್ಲಿ, ಸುಮಾರು 125 ಕಿಲೋಹರ್ಟ್ಸ್‌ನಲ್ಲಿ, ಯಾರಾದರೂ ಇದ್ದೀರಾ ಎಂದು ಕೂಗುತ್ತದೆ. ಆ ಕೂಗು ಒಂದೆರಡು ಮೀಟರಿಗಿಂತ ದೂರ ಹೋಗುವುದಿಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ. ಚಾವಿ ಎಚ್ಚರಾಗಿ, ಲೆಕ್ಕ ಬಿಡಿಸಿ, ಬೇರೊಂದು ದೊಡ್ಡ ಸ್ವರದಲ್ಲಿ ಉತ್ತರ ಕೊಡುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್. ಕೂಗು ಕಿವಿಯ ಹತ್ತಿರ, ಓಗೊಡುವುದು ಓಣಿಗೆಲ್ಲ ಕೇಳುವಂತೆ. ಸೆಲ್ಲು ಬೇಕಾಗುವುದು ಈ ಓಗೊಡುವುದಕ್ಕೇ, ಮತ್ತು ಕೂಗಿಗೆ ಹಗಲೂ ರಾತ್ರಿ ಕಿವಿ ಕೊಟ್ಟು ಕೂತಿರುವುದಕ್ಕೆ. ಕಾರಿನ ಒಳಗೆ ಬೇರೆ ಆಂಟೆನಾಗಳಿವೆ: ಸೀಟಿನ ನಡುವೆ ಒಂದು, ಡಿಕ್ಕಿಯ ಹತ್ತಿರ ಒಂದು. ಚಾವಿ ಒಳಗಿದೆಯೋ ಹೊರಗಿದೆಯೋ ಎಂದು ಗೊತ್ತಾಗುವುದು ಅವುಗಳಿಂದ. ಒಳಗಿದ್ದರೆ ಮಾತ್ರ ಮುಂದಿನ ಮಾತು.

ಈಗ ನೀವು ಬ್ರೇಕೋ ಕ್ಲಚ್ಚೋ ತುಳಿದು ಬಟನ್ ಒತ್ತುತ್ತೀರಿ. ಬಟನ್ ಸೆಲ್ಫ್‌ಗೆ ಕರೆಂಟು ಕೊಡುವುದಿಲ್ಲ. ಅದು ಒಂದು ಅರ್ಜಿ ಮಾತ್ರ. ಅರ್ಜಿ ಹೋಗುವುದು ಬಾಡಿ ಕಂಟ್ರೋಲ್ ಡಬ್ಬಿಗೆ. ಅದು ಚಾವಿಯನ್ನು ವಿಚಾರಿಸುತ್ತದೆ, ಬ್ರೇಕ್ ಸ್ವಿಚ್ ನೋಡುತ್ತದೆ, ಗೇರ್ ನೋಡುತ್ತದೆ, ಸ್ಟೇರಿಂಗ್ ಲಾಕ್ ಬಿಡಿಸುತ್ತದೆ. ಆಮೇಲೆ ಇಸಿಎಂ ಜೊತೆ ಅದರದ್ದೇ ಇನ್ನೊಂದು ಗುಟ್ಟಿನ ಪ್ರಶ್ನೋತ್ತರ. ಎಲ್ಲ ಮುಗಿದ ಮೇಲೆ ರಿಲೇಗೆ ಅಪ್ಪಣೆ. ನೀವು ಕಣ್ಣು ಮಿಟುಕಿಸುವುದರೊಳಗೆ ಇಷ್ಟೆಲ್ಲ ಆಗಿರುತ್ತದೆ. ಬಸವಕಲ್ಯಾಣದ ಕಿಲ್ಲೆಗೆ ಒಂದರ ಹಿಂದೆ ಒಂದು ದರವಾಜೆ ಇಟ್ಟ ಹಾಗೆ: ಹೊರಗಿನದು ಮುರಿದರೂ ಒಳಗಿನದು ಹಾಕಿಯೇ ಇರುತ್ತದೆ.

ಆ ಹುಡುಗ ಜೋಡಿಸಿದ ವೈರು ಸೆಲ್ಫ್ ತಿರುಗಿಸಿತು, ಸರಿ. ಸೆಲ್ಫ್ ಎಂಬುದು ಬರೀ ತೋಳು. ಇಂಜಿನ್ ಹಿಡಿಯುವುದಕ್ಕೆ ಇಸಿಎಂ ಒಪ್ಪಬೇಕು, ಅದರ ಒಪ್ಪಿಗೆ ಯಾವ ವೈರಿನಲ್ಲೂ ಹರಿಯುವ 12 ವೋಲ್ಟ್ ಅಲ್ಲ, ಒಂದು ಸರಿಯುತ್ತರ. ಎಷ್ಟು ವೈರು ಜೋಡಿಸಿದರೂ ಆ ಉತ್ತರ ಹುಟ್ಟುವುದಿಲ್ಲ. ಅದರ ಬದಲು ಅಂಕಿ ಓಡಾಡುವ ಸಣ್ಣ ತಂತಿಗೆ 12 ವೋಲ್ಟ್ ನುಗ್ಗಿದರೆ ಡಬ್ಬಿಗಳು ಸುಡುತ್ತವೆ. ನನ್ನವು ಸುಟ್ಟದ್ದು ಹಾಗೆ. ಗುಜರಿಯಿಂದ ಇಸಿಎಂ ತಂದು ಹಾಕಿದರೂ ಗಾಡಿ ಏಳುವುದಿಲ್ಲ ಎಂದು ನಿಮ್ಮಲ್ಲಿ ಕೆಲವರು ತಲೆ ಚಚ್ಚಿಕೊಂಡದ್ದನ್ನು ಕೇಳಿದ್ದೇನೆ. ಆ ಇಸಿಎಂಗೆ ಹಳೇ ಮನೆಯ ಗುಟ್ಟು ಗೊತ್ತು, ಹೊಸ ಮನೆಯದು ಗೊತ್ತಿಲ್ಲ. ಸ್ಕ್ಯಾನರ್ ಹಾಕಿ ಹೊಸದಾಗಿ ಪರಿಚಯ ಮಾಡಿಸಬೇಕು.

ಹಾಗಾದರೆ ರಾತ್ರಿ ಫೋನ್ ಬಂದಾಗ ಏನು ಮಾಡಬೇಕು? ಹೊರಡುವ ಮೊದಲೇ ಫೋನಿನಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಚಾವಿಯನ್ನೇ ಬಟನ್‌ಗೆ ತಾಗಿಸಿ, ಬ್ರೇಕ್ ತುಳಿದು ಒತ್ತಿ ನೋಡಲು ಹೇಳಿ. ಕೆಲವು ಗಾಡಿಯಲ್ಲಿ ಬಟನ್ ಬದಲು ಕಪ್ ಇಡುವ ಗೂಡಿನಲ್ಲೋ ಕನ್ಸೋಲಿನ ಒಳಗೋ ಚಾವಿ ಇಡುವ ಜಾಗ ಇರುತ್ತದೆ. ಬಾಗಿಲೇ ತೆರೆಯದಿದ್ದರೆ ರಿಮೋಟಿನ ಹೊಟ್ಟೆಯಲ್ಲಿ ಕಬ್ಬಿಣದ ಚಾವಿ ಅಡಗಿರುತ್ತದೆ, ಎಷ್ಟೋ ಮಾಲೀಕರಿಗೇ ಅದು ಗೊತ್ತಿಲ್ಲ (ನನಗೆ ಗೊತ್ತಿರಲಿಲ್ಲ). ಕಿಸೆಯಲ್ಲಿ ಚಾವಿಯ ಜೊತೆ ಮೊಬೈಲು, ಪವರ್ ಬ್ಯಾಂಕ್ ಇದ್ದರೆ ಬೇರೆ ಮಾಡಿಸಿ. ಅಗ್ಗದ ಚಾರ್ಜರುಗಳು ಆ ಸಣ್ಣ ಸ್ವರದಲ್ಲಿ ಗದ್ದಲ ಎಬ್ಬಿಸುತ್ತವೆ. ಕಾರಿನ ದೊಡ್ಡ ಬ್ಯಾಟರಿ ಸೋತಾಗಲೂ ಕೆಲವು ಕಾರು ಚಾವಿ ಕಾಣುತ್ತಿಲ್ಲ ಎಂದೇ ದೂರುತ್ತವೆ, ಅದಕ್ಕೆ ಮೀಟರ್ ಮೊದಲು, ಕಟಿಂಗ್ ಪ್ಲೇಯರ್ ಆಮೇಲೆ. ಬ್ರೇಕ್ ಲೈಟ್ ಹತ್ತುತ್ತದೆಯೇ ಎಂದು ಹಿಂದೆ ನಿಂತು ನೋಡಿ. ಪೆಡಲಿನ ಸ್ವಿಚ್ ಕೆಟ್ಟಿದ್ದರೆ ಅರ್ಜಿಗೆ ಸಹಿಯೇ ಬೀಳುವುದಿಲ್ಲ. ಮತ್ತೆ, ನಿಮ್ಮ ಬ್ಯಾಗಿನಲ್ಲಿ 2032 ಮತ್ತು 2025 ಸೆಲ್ಲು ನಾಲ್ಕು ನಾಲ್ಕು ಇಟ್ಟುಕೊಳ್ಳಿ. ಎರಡೂ 20 ಮಿಲಿಮೀಟರ್ ಅಗಲ. ದಪ್ಪ ಒಂದರದು 3.2, ಇನ್ನೊಂದರದು 2.5. ತೆಳ್ಳಗಿನದನ್ನು ದಪ್ಪದರ ಜಾಗದಲ್ಲಿ ತುರುಕಿದರೆ ಇವತ್ತು ನಡೆಯುತ್ತದೆ, ನಾಳೆ ತಗ್ಗು ದಿನ್ನೆಯಲ್ಲಿ ಕೈಕೊಡುತ್ತದೆ.

ಸೆಲ್ಲು ಬೇಗ ಸಾಯುತ್ತದೆ ಎನ್ನುವ ಗಿರಾಕಿಯನ್ನು ಚಾವಿ ಎಲ್ಲಿ ಇಡುತ್ತೀರಿ ಎಂದು ಕೇಳಿ. ನಮ್ಮ ಮನೆಗಳಲ್ಲಿ ಬಾಗಿಲ ಹತ್ತಿರದ ಮೊಳೆಗೆ ತೂಗುಹಾಕುತ್ತಾರೆ, ಗೋಡೆಯ ಆಚೆಗೇ ಕಾರು ನಿಂತಿರುತ್ತದೆ. ಕೆಲವು ಕಾರುಗಳು ಆಗಾಗ ಕೂಗುತ್ತಲೇ ಇರುತ್ತವೆ, ಪಾಪ ಚಾವಿ ರಾತ್ರಿಯಿಡೀ ಓಗೊಡುತ್ತಲೇ ಇರುತ್ತದೆ. ಅತ್ತೆ ಮನೆಯ ಹೊಸ ಸೊಸೆಯ ಹಾಗೆ.

ಇನ್ನೊಂದು ಪಜೀತಿ ನಮ್ಮ ಬಂಧುಗಳಲ್ಲೇ ಆಯಿತು. ಅಪ್ಪ ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕಲಬುರಗಿ ಬಸ್ಸು ಹತ್ತಿದರು. ಇಂಜಿನ್ ಚಾಲೂ ಇತ್ತು, ಮಗ ಸ್ಟೇರಿಂಗ್ ಹಿಡಿದು ಬಸವಕಲ್ಯಾಣದ ಕಡೆ ಹೊರಟ. ಚಾವಿ ಅಪ್ಪನ ಧೋತರದ ಸೊಂಟದಲ್ಲಿ. ಕಾರು ಕುಂಯ್ ಕುಂಯ್ ಅಂದದ್ದನ್ನು ಮಗ ಸೀಟ್ ಬೆಲ್ಟಿನದ್ದು ಅಂದುಕೊಂಡ. ಓಡುವ ಗಾಡಿಯನ್ನು ನಡುರಸ್ತೆಯಲ್ಲಿ ಬಂದ್ ಮಾಡಿದರೆ ಪ್ರಾಣಕ್ಕೇ ಅಪಾಯ, ಅದಕ್ಕೆ ಚಾವಿ ದೂರವಾದರೂ ಇಂಜಿನ್ ನಿಲ್ಲದಂತೆ ಮಾಡಿರುತ್ತಾರೆ. ಸಸ್ತಾಪುರದ ಹತ್ತಿರ ಚಹಾಕ್ಕೆ ನಿಲ್ಲಿಸಿ ಬಟನ್ ಒತ್ತಿದ, ಮುಗಿಯಿತು. ಅಲ್ಲಿಯೂ ಒಬ್ಬರು ಡೈರೆಕ್ಟ್ ಮಾಡಲು ಬಂದಿದ್ದರಂತೆ. ಪುಣ್ಯಕ್ಕೆ ಮಗ ಒಪ್ಪದೇ, ಅಪ್ಪನ ಬಸ್ಸಿನ ಹಿಂದೆ ಯಾರನ್ನೋ ಬೈಕಿನಲ್ಲಿ ಓಡಿಸಿದ. ಓಡುವ ಗಾಡಿಯ ಇಂಜಿನ್ ತುರ್ತಿನಲ್ಲಿ ನಿಲ್ಲಿಸಬೇಕಾದರೆ ಬಟನ್ನನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿಯಬೇಕು ಎಂಬುದನ್ನೂ ಗಿರಾಕಿಗಳಿಗೆ ಹೇಳಿಡಿ. ಒಮ್ಮೆ ಒತ್ತಿದರೆ ನಿಲ್ಲುವುದಿಲ್ಲ.

ಈಗ ಕಳ್ಳರ ಕಡೆ ಬರೋಣ, ಯಾಕೆಂದರೆ ನನ್ನ ಬೇಡಿಕೆ ಅಲ್ಲಿಗೂ ಹತ್ತುತ್ತದೆ. ಈ ಪ್ರಶ್ನೋತ್ತರಕ್ಕೂ ಒಂದು ತೂತಿದೆ. ಕಾರು ಕೂಗುವುದು ಎರಡು ಮೀಟರಿಗೆ ಕೇಳುತ್ತದೆ ಎಂದೆನಲ್ಲ. ಒಬ್ಬ ಕಾರಿನ ಹತ್ತಿರ ಒಂದು ಯಂತ್ರ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಮನೆ ಬಾಗಿಲ ಹತ್ತಿರ, ಚಾವಿ ತೂಗುವ ಆ ಮೊಳೆಯ ಗೋಡೆಯ ಹೊರಗೆ. ಮೊದಲನೆಯವನು ಕೂಗನ್ನು ಎತ್ತಿ ಎರಡನೆಯವನಿಗೆ ದಾಟಿಸುತ್ತಾನೆ, ಚಾವಿ ಕಾರು ಪಕ್ಕದಲ್ಲೇ ಇದೆ ಅಂದುಕೊಂಡು ಸರಿಯುತ್ತರ ಕೊಡುತ್ತದೆ. ಗುಟ್ಟು ಒಡೆಯಬೇಕಾಗಿಯೇ ಇಲ್ಲ, ದೂರ ಒಂದನ್ನು ಸುಳ್ಳು ಮಾಡಿದರೆ ಸಾಕು. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಚ್ ಸಂಶೋಧಕರು 2011ರಲ್ಲಿ ಎಂಟು ಕಂಪನಿಗಳ ಹತ್ತು ಕಾರುಗಳ ಮೇಲೆ ಇದನ್ನು ಮಾಡಿ ನೋಡಿದರು, ಹತ್ತೂ ತೆರೆದುಕೊಂಡವು. ಮದ್ದು ಮನೆಯಲ್ಲೇ ಇದೆ: ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ಚಾವಿಯನ್ನು ಅದರಲ್ಲಿಟ್ಟು ಡಬ್ಬಿ ಹಿಡಿದು ಕಾರಿನ ಬಾಗಿಲಿಗೆ ಹೋಗಿ. ತೆರೆದರೆ ಆ ಡಬ್ಬಿ ಉಂಡಿಗೆ ಇರಲಿ, ಚಾವಿಗೆ ಬೇರೆ ಹುಡುಕಿ. ಈಚಿನ ಕೆಲವು ಚಾವಿಗಳು ಅಲುಗಾಡದೇ ಬಿದ್ದಿದ್ದರೆ ತಾವೇ ಮಲಗಿಬಿಡುತ್ತವೆ, ಅದು ಒಳ್ಳೆಯದು.

ಆದರೆ ಈ ತೂತಿನ ಕಥೆ ಹೇಳಿ ಇಮ್ಮೊಬಿಲೈಸರೇ ಬೇಡ ಅನ್ನುವವರಿಗೆ ಅಮೆರಿಕದ ಉದಾಹರಣೆ ಸಾಕು. ಅಲ್ಲಿ ಹ್ಯುಂಡೈ, ಕಿಯಾ ಕಂಪನಿಗಳು 2011ರಿಂದ 2021ರವರೆಗಿನ ಅನೇಕ ಅಗ್ಗದ ಮಾದರಿಗಳಲ್ಲಿ ಖರ್ಚು ಉಳಿಸಲು ಇದನ್ನು ಹಾಕಿರಲಿಲ್ಲ. 2022ರಲ್ಲಿ ಹುಡುಗರು ಸ್ಟೇರಿಂಗ್ ಕೆಳಗಿನ ಪ್ಯಾನೆಲ್ ಕಿತ್ತು, ಮೊಬೈಲ್ ಚಾರ್ಜರಿನ ಯುಎಸ್‌ಬಿ ತುದಿಯನ್ನೇ ಚಾವಿಯ ಬದಲು ತಿರುಗಿಸಿ ಕಾರು ಒಯ್ಯುವುದನ್ನು ವಿಡಿಯೊ ಮಾಡಿ ಹಾಕಿದರು, ಅದು ಪಿಡುಗಾಯಿತು. 2023ರಲ್ಲಿ ಎರಡೂ ಕಂಪನಿ ಸೇರಿ ಸುಮಾರು 83 ಲಕ್ಷ ಕಾರುಗಳಿಗೆ ಪುಕ್ಕಟೆ ಸಾಫ್ಟ್‌ವೇರ್ ಕೊಡಬೇಕಾಯಿತು. ಅದೇ ಕಂಪನಿಗಳ ಬಟನ್ ಕಾರುಗಳು ಮಾತ್ರ ಈ ಉಪಾಯಕ್ಕೆ ಬಗ್ಗಲಿಲ್ಲ, ಅವುಗಳಲ್ಲಿ ಇಮ್ಮೊಬಿಲೈಸರ್ ಇತ್ತು. ಅದಕ್ಕೇ ಹೇಳುತ್ತೇನೆ, ಗಿರಾಕಿಯ ಕಿರಿಕಿರಿ ತಪ್ಪಿಸಲು ‘ಇಮ್ಮೊ ಆಫ್’ ಮಾಡಿಕೊಡುವ ಚಟ ನಮ್ಮ ಕಡೆ ಹಬ್ಬುವುದು ಬೇಡ. ಅಸಲೀ ಚೂರನ್ನು ಕಾಯಿಲಿನ ಪಕ್ಕ ಟೇಪ್ ಸುತ್ತಿ ಕಾಯಂ ಅಂಟಿಸಿಬಿಡುವುದೂ ಅದೇ. ಆ ಕಾರಿಗೆ ಮತ್ತೆ ಜೀಪಿನ ಗುಬ್ಬಿಯ ಗತಿ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಡಿಸುವವರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಎರಡೂ ಚಾವಿ ಕೈಗೆ ಬರದೇ ವ್ಯವಹಾರ ಮುಗಿಸಬೇಡಿ. ಸ್ಕ್ಯಾನರ್ ಹಾಕಿದರೆ ಆ ಕಾರಿಗೆ ಎಷ್ಟು ಚಾವಿ ಪರಿಚಯ ಇವೆ ಎಂದು ಗೊತ್ತಾಗುತ್ತದೆ. ಕೈಯಲ್ಲಿ ಎರಡು, ಒಳಗೆ ಮೂರು ಅಂದರೆ ಮೂರನೆಯದನ್ನು ಅಳಿಸಿ. ಕಳುವಾದ ಕಾರಿನ ವಿಮೆ ಕೇಳಲು ಹೋದರೆ ಅವರು ಮೊದಲು ಕೇಳುವುದೇ ಎರಡೂ ಚಾವಿ.

ಇಷ್ಟೆಲ್ಲ ಓದಿದ ಮೇಲೆ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಸರ್, ಸ್ಕ್ಯಾನರ್ ಅಂತೀರಿ, ಅದರ ಬೆಲೆ ಗೊತ್ತೇನ್ರಿ? ಕಂಪನಿಯವರು ಕೋಡ್ ಕೊಡ್ತಾರೇನ್ರಿ? ನ್ಯಾಯದ ಪ್ರಶ್ನೆ. ಈ ಗಾಡಿಗಳ ಗುಟ್ಟು ಕಳ್ಳನನ್ನು ಹೊರಗಿಟ್ಟಷ್ಟೇ ಗಟ್ಟಿಯಾಗಿ ನಿಮ್ಮನ್ನೂ ಹೊರಗಿಟ್ಟಿದೆ. ಒಂದು ಚಾವಿ ಕಳೆದರೆ ಗಿರಾಕಿ ನಿಮ್ಮ ಅಂಗಡಿ ದಾಟಿ ದೂರದ ಶೋರೂಮಿಗೆ ಹೋಗಬೇಕು. ಸುರಕ್ಷತೆಗಾಗಿ ಮುಚ್ಚಿಟ್ಟಿದ್ದೇವೆ ಎಂದು ಕಂಪನಿಗಳು ಹೇಳುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದು ಕಾಲದಲ್ಲಿ ಲಕ್ಷಾಂತರ ಚಾವಿಗಳಲ್ಲಿದ್ದ ಒಂದು ಚೂರಿನ ಗುಟ್ಟು 40 ಬಿಟ್ಟಿನದು, ಅಂದರೆ ಸುಮಾರು ಒಂದು ಲಕ್ಷ ಹತ್ತು ಸಾವಿರ ಕೋಟಿ ಸಾಧ್ಯತೆ. ಅದರ ಲೆಕ್ಕದ ವಿಧಾನವನ್ನು ಮುಚ್ಚಿಟ್ಟಿದ್ದರು. 2005ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರೂ ಆರ್‌ಎಸ್‌ಎ ಪ್ರಯೋಗಾಲಯದವರೂ ಸೇರಿ ಒಂದು ಗಂಟೆಯೊಳಗೆ ಒಡೆದು ತೋರಿಸಿದರು. ಮೆಗಾಮೋಸ್ ಎಂಬ ಇನ್ನೊಂದು ಚೂರಿನ ದೌರ್ಬಲ್ಯ ಕಂಡುಹಿಡಿದವರ ಲೇಖನವನ್ನು ಲಂಡನ್ನಿನ ಹೈಕೋರ್ಟ್ 2013ರಲ್ಲಿ ತಡೆಯಿತು. ಅದು ಅಚ್ಚಾದದ್ದು 2015ರಲ್ಲಿ. ಮುಚ್ಚಿಟ್ಟ ಮಾತ್ರಕ್ಕೆ ಯಾವ ಚಾವಿಯೂ ಗಟ್ಟಿಯಾಗುವುದಿಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲೇ ಕಾನೂನು ಮಾಡಿ, ರಿಪೇರಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೂ ಕೊಡಬೇಕೆಂದಿತು. ಚಾವಿಯ ಕೋಡ್ ಎಲ್ಲರಿಗೂ ಕೊಡಲಾಗದು, ಒಪ್ಪೋಣ. ಅದಕ್ಕೆ ಅಲ್ಲಿ ಹೆಸರು ನೋಂದಾಯಿಸಿ, ಹಿನ್ನೆಲೆ ಪರಿಶೀಲನೆ ಮಾಡಿಸಿಕೊಂಡ ಚಾವಿ ಕೆಲಸಗಾರರಿಗೆ ಕೊಡುವ ಪದ್ಧತಿ ಇದೆ. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು, ಅದರ ನಾಲ್ಕು ವಿಭಾಗಗಳಲ್ಲಿ ವಾಹನವೂ ಒಂದು. ನನ್ನ ಬೇಡಿಕೆ ಇದೇ: ಎರಡೂ ಊರಿನ ನೀವು ಒಂದಾಗಿ, ಹೆಸರು ವಿಳಾಸ ಸಮೇತ ಪೊಲೀಸ್ ಪರಿಶೀಲನೆಗೂ ತಯಾರು ಎಂದು ಬರೆದು, ಇಲಾಖೆಗೆ ಒಂದು ಅರ್ಜಿ ಹಾಕಿ. ಒಂದು ಒಳ್ಳೆಯ ಸ್ಕ್ಯಾನರನ್ನು ಹತ್ತು ಅಂಗಡಿ ಪಾಲಿನಲ್ಲಿ ಕೊಂಡರೆ ಯಾರಿಗೂ ಭಾರವಲ್ಲ. ಲಾರಿ ವ್ಯವಹಾರದಲ್ಲಿ ಪಾಲುದಾರಿಕೆ ನಿಮಗೆ ನಾನು ಕಲಿಸಬೇಕೇ? ಅರ್ಜಿಯ ಕನ್ನಡ, ಇಂಗ್ಲಿಷು ಎರಡೂ ನಾನು ಬರೆದುಕೊಡುತ್ತೇನೆ.

ಬರುವ ಅಮಾವಾಸ್ಯೆ ನಿಮ್ಮ ಅಂಗಡಿಗಳು ಹೇಗೂ ಬಂದ್. ಪೂಜೆ ಮುಗಿಸಿ, ಮಧ್ಯಾಹ್ನ ಮೂರಕ್ಕೆ ಹುಮನಾಬಾದಿನ ನಮ್ಮ ಮನೆಗೆ ಬನ್ನಿ. ಹಳೇ ಟ್ರಾನ್ಸ್‌ಫಾರ್ಮರಿನ ತಾಮ್ರದ ತಂತಿಯಿಂದ ಎರಡು ಕಾಯಿಲ್ ಸುತ್ತಿಟ್ಟಿದ್ದೇನೆ. ಒಂದಕ್ಕೆ ಮಾತ್ರ ಕರೆಂಟು ಕೊಡುತ್ತೇನೆ, ಇನ್ನೊಂದಕ್ಕೆ ಬರೀ ಸಣ್ಣ ಎಲ್‌ಇಡಿ. ಹತ್ತಿರ ತಂದರೆ ಹತ್ತುತ್ತದೆ, ದೂರ ಒಯ್ದರೆ ಆರುತ್ತದೆ. ಸತ್ತ ರಿಮೋಟು, ತಲೆ ಒಡೆದ ಚಾವಿ ಇದ್ದರೆ ತನ್ನಿ, ಬಿಚ್ಚಿ ನೋಡೋಣ. ಆ ರಾತ್ರಿ ಬಂದ ಹುಡುಗನಿಗೂ ಯಾರಾದರೂ ಹೇಳಿ. ಅವನ ಟೆಸ್ಟರ್ ನನ್ನ ಕಾರಿನ ಸೀಟಿನ ಕೆಳಗೆ ಸಿಕ್ಕಿತು, ತೆಗೆದಿಟ್ಟಿದ್ದೇನೆ.

ಇತಿ ನಿಮ್ಮ,
ಫಿಸಿಕ್ಸ್ ಸರ್